ನಮ್ಮತ್ತೆ ಮತ್ತು ಕೆಥೆಡ್ರಲ್ ಕಿಟಕಿ

ಹಳೆಯ ಕೆಥೆಡ್ರಲ್ ನೋಡುವುದಕ್ಕೆ ಓದು ಬೇಕಾಗಿಲ್ಲ, ಕತ್ತು ಗಟ್ಟಿ ಇರಬೇಕು. ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಆದರೆ ಹೆಸರಘಟ್ಟದ ಕೆರೆ ಕಡೆಯಿಂದ ಅಪ್ಪನ ಎಮ್ಮೆಗಳಿಗೆ ಹುಲ್ಲಿನ ಹೊರೆ ಹೊತ್ತು ಬೆಳೆದವಳು, ನನ್ನ ಕತ್ತಿಗೇನೂ ಕೊರತೆ ಇರಲಿಲ್ಲ. ಎಷ್ಟು ಹೊತ್ತು ಬೇಕಾದರೂ ತಲೆ ಎತ್ತಿ ನಿಲ್ಲುತ್ತಿದ್ದೆ. ಈಗಿನ ಮೊಮ್ಮಕ್ಕಳು ಐದು ನಿಮಿಷ ಮೇಲೆ ನೋಡಿದರೆ ತಲೆ ಸುತ್ತುತ್ತದೆ ಅನ್ನುತ್ತಾರೆ. ನೋಡಬೇಡಿ ಅಂದುಬಿಡುತ್ತೇನೆ.

ನಾನು ಮೊದಲ ಸಲ ಕೆಥೆಡ್ರಲ್ ಒಳಗೆ ಕಾಲಿಟ್ಟಿದ್ದು ಎಪ್ಪತ್ತರ ದಶಕದಲ್ಲಿ, ನಾವು ಯಶವಂತಪುರದ ಒಂದು ವಠಾರದಲ್ಲಿದ್ದಾಗ. ಪಕ್ಕದ ಮನೆಯಲ್ಲಿ ಒಬ್ಬರು ನರ್ಸಮ್ಮ ಇದ್ದರು, ಕ್ರೈಸ್ತರು. ಅವರ ತಂಗಿಯ ಮದುವೆ ಕಂಟೋನ್ಮೆಂಟಿನ ಹಳೆಯ ಕೆಥೆಡ್ರಲಿನಲ್ಲಿ ನಡೆಯಿತು. ಇಡೀ ವಠಾರವನ್ನೇ ಕರೆದಿದ್ದರು. ಹೋದವಳು ನಾನೊಬ್ಬಳು, ಊಟ ಚೆನ್ನಾಗಿರುತ್ತದೆ ಅಂತ ಕೇಳಿದ್ದೆ.

ಒಳಗೆ ಹೋದಮೇಲೆ ಊಟ ಮರೆತುಹೋಯಿತು. ಎಲ್ಲರೂ ಹೆಣ್ಣನ್ನು ನೋಡುತ್ತಿದ್ದರೆ ನಾನು ಚಾವಣಿ ನೋಡುತ್ತಿದ್ದೆ. ಹೆಣ್ಣು ಸುಮಾರಾಗಿತ್ತು, ಚಾವಣಿ ಹಾಗಿರಲಿಲ್ಲ. ಕಲ್ಲಿನ ಕಂಬಗಳು ನೆಲದಿಂದ ನೇರ ಎದ್ದು, ಮೇಲೆ ಹೋದಂತೆ ಒಂದೊಂದೂ ಬಾಳೆಯ ಸುಳಿ ಬಿಚ್ಚಿಕೊಳ್ಳುವ ಹಾಗೆ ಬಿಚ್ಚಿಕೊಂಡು, ಎದುರಿನ ಕಂಬದಿಂದ ಬಂದ ಏಣುಗಳನ್ನು ಸೇರಿಕೊಂಡಿದ್ದವು. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಒಯ್ದು, ಭಾರವೇ ಇಲ್ಲದ ಹಾಗೆ ಕಾಣಿಸಿದ್ದರು. ಕಮಾನುಗಳು ದುಂಡಗಿರಲಿಲ್ಲ. ಎರಡು ಅಂಗೈ ಜೋಡಿಸಿ ಬೆರಳ ತುದಿ ಮುಟ್ಟಿಸಿದ ಹಾಗೆ ಚೂಪಾಗಿದ್ದವು. ಗೋಡೆ ಎಷ್ಟು ದಪ್ಪ ಅಂದರೆ ಕಿಟಕಿಯ ಕಟ್ಟೆಯ ಮೇಲೆ ಒಂದು ಮಗುವನ್ನು ಅಡ್ಡ ಮಲಗಿಸಬಹುದಿತ್ತು. ಆ ಕಿಟಕಿಗಳಿಗೆ ಕೆಂಪು, ನೀಲಿ, ಹಳದಿ ಗಾಜು. ಹೊರಗೆ ಸೂರ್ಯ ಸ್ವಲ್ಪ ಸರಿದರೆ ಸಾಕು, ಒಳಗೆ ನೆಲದ ಮೇಲೆ ಬಣ್ಣಗಳೂ ಸರಿಯುತ್ತಿದ್ದವು.

ನರ್ಸಮ್ಮ ಮೊಣಕೈಯಲ್ಲಿ ತಿವಿದು ಪಿಸುಗುಟ್ಟಿದರು. "ಇದು ಬರೀ ಚರ್ಚ್ ಅಲ್ಲ ಕಣ್ರೀ, ಕೆಥೆಡ್ರಲ್. ಬಿಷಪ್ಪರ ಪೀಠ ಇರೋದು ಇಲ್ಲೇ."

"ಅಂದ್ರೆ ಮಠದಲ್ಲಿ ಸ್ವಾಮಿಗಳ ಗದ್ದುಗೆ ಇದ್ದಂಗಾ?"

"ಹೂಂ, ಹಂಗೇ ಅಂದ್ಕೊಳ್ಳಿ. ಈಗ ಬಾಯ್ ಮುಚ್ಕೊಂಡು ಮುಂದೆ ನೋಡಿ, ಫಾದರ್ ನಿಮ್ಮನ್ನೇ ನೋಡ್ತಿದ್ದಾರೆ."

ಒಂದು ಮಾತ್ರ ನನಗೆ ಸಹಿಸಲಾಗಲಿಲ್ಲ. ಅಂಥ ಕಮಾನಿನ ಹೊಟ್ಟೆಗೆ ಯಾರೋ ಪುಣ್ಯಾತ್ಮ ಒಂದು ಟ್ಯೂಬ್‌ಲೈಟ್ ಸಿಕ್ಕಿಸಿದ್ದ. ಅದರ ವೈರು ಕಂಬದುದ್ದಕ್ಕೂ ಹಲ್ಲಿಯ ಬಾಲದ ಹಾಗೆ ಇಳಿಬಿದ್ದಿತ್ತು. ಹೊರಗೆ ಬಂದಮೇಲೆ ನರ್ಸಮ್ಮನಿಗೆ ಹೇಳಿದೆ. ಅವರು, "ಮದುವೆ ಹೆಂಗಿತ್ತು ಅಂತ ಕೇಳಿದ್ರೆ ವೈರಿಂಗ್ ವಿಷಯ ಹೇಳ್ತೀರಲ್ಲ" ಅಂದರು.

ಆಮೇಲೆ ನನಗೆ ಅದೊಂದು ಚಟವಾಯಿತು. ಕಂಟೋನ್ಮೆಂಟ್ ಕಡೆ ತರಕಾರಿ ಚೆನ್ನಾಗಿರುತ್ತದೆ ಅಂತ ಯಜಮಾನರನ್ನು ನಂಬಿಸಿದೆ. ಚೀಲ ಹಿಡಿದು ಬಸ್ಸು ಹತ್ತುವುದು, ಮಾರ್ಕೆಟ್ಟಿನಲ್ಲಿ ಬೇಗ ಬೇಗ ಏನೋ ತುಂಬಿಕೊಳ್ಳುವುದು, ಚೀಲದ ಸಮೇತ ಹೋಗಿ ಕೆಥೆಡ್ರಲಿನ ಹಿಂದಿನ ಬೆಂಚಿನಲ್ಲಿ ಕೂರುವುದು. ಯಾರೂ ಏನೂ ಕೇಳುತ್ತಿರಲಿಲ್ಲ. ಚೀಲದಲ್ಲಿ ಮೂಲಂಗಿ ಇದ್ದ ದಿನ ಮಾತ್ರ ಮುಂದಿನ ಬೆಂಚಿನವರು ತಿರುಗಿ ತಿರುಗಿ ನೋಡುತ್ತಿದ್ದರು. ಯಜಮಾನರು ಒಂದು ದಿನ, "ಯಶವಂತಪುರದ ಮಾರ್ಕೆಟ್ಟಲ್ಲಿ ಬದನೇಕಾಯಿ ಸಿಗಲ್ವೇನೇ?" ಅಂದರು. "ಸಿಗುತ್ತೆ, ಹುಳಾನೂ ಸಿಗುತ್ತೆ" ಅಂದೆ. ಅವರು ಮತ್ತೆ ಕೇಳಲಿಲ್ಲ.

ಅವರ ಫ್ಯಾಕ್ಟರಿಯವರು ಒಮ್ಮೆ ಸಂಸಾರಸ್ಥರನ್ನೆಲ್ಲ ಮೈಸೂರಿಗೆ ಟೂರ್ ಕರೆದುಕೊಂಡು ಹೋದರು. ಉಳಿದ ಹೆಂಗಸರೆಲ್ಲ ಝೂನಲ್ಲಿ ಕೋತಿ ನೋಡುತ್ತ ನಿಂತರೆ ನಾನು ಅಲ್ಲಿನ ಜೋಡಿ ಗೋಪುರದ ಕೆಥೆಡ್ರಲ್ ನೋಡಿಕೊಂಡು ಬಂದೆ. ಅಷ್ಟು ಎತ್ತರದ ಎರಡು ಗೋಪುರ, ಒಂದರ ಪಕ್ಕ ಒಂದು, ಜಗಳವಾಡದೆ ನಿಂತಿದ್ದವು. ಓರಗಿತ್ತಿಯರು ಹಾಗೆ ನಿಂತದ್ದು ನಾನು ನೋಡಿಲ್ಲ. ಕೋತಿಯನ್ನು ವಠಾರದಲ್ಲೇ ದಿನಾ ನೋಡುತ್ತಿದ್ದೆ.

ಎಮರ್ಜೆನ್ಸಿ ಮುಗಿದ ಮೇಲೆ ನಮಗೂ ಸಂಜಯನಗರದಲ್ಲಿ ಒಂದು ಸೈಟಾಯಿತು. ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಕಾಲ. ಮೂಟೆ ಬಂದ ದಿನ ಕೆಲಸ, ಬಾರದ ದಿನ ಮೇಸ್ತ್ರಿ ಬೀಡಿ ಸೇದುತ್ತ ಕೂರುತ್ತಿದ್ದ. ಯಜಮಾನರು ಫ್ಯಾಕ್ಟರಿಯಲ್ಲಿ ಯಾರ ಕೈಲೋ ಪ್ಲಾನ್ ಬರೆಸಿಕೊಂಡು ಬಂದಿದ್ದರು. ನೋಡಿದರೆ ಎಲ್ಲ ಕಿಟಕಿಗಳೂ ಚೌಕ, ಬಿಸ್ಕತ್ತಿನ ಹಾಗೆ. ಅವರು ಫಸ್ಟ್ ಶಿಫ್ಟಿಗೆ ಹೋಗುವವರೆಗೆ ಕಾದು, ಮೇಸ್ತ್ರಿಯ ಹತ್ತಿರ ಹೋದೆ.

ಮುಂದಿನ ರೂಮೊಂದು ಪೂರ್ವಕ್ಕಿತ್ತು. ಅದನ್ನು ನಾನು ಮನಸ್ಸಿನಲ್ಲಿ ನನಗೆ ಅಂತ ಇಟ್ಟುಕೊಂಡಿದ್ದೆ. ಬೆಳಗಿನ ಕೆಲಸ ಮುಗಿಸಿ ಒಬ್ಬಳೇ ಕೂರಲು ನನಗೊಂದು ಜಾಗ ಬೇಕಿತ್ತು, ಅದಕ್ಕೆ ಕೆಥೆಡ್ರಲಿನಂಥ ಕಿಟಕಿ ಬೇಕಿತ್ತು. ಹೆಚ್ಚೇನೂ ಕೇಳಿದವಳಲ್ಲ ನಾನು. ಒಂದೇ ಕಿಟಕಿ.

ಮೇಸ್ತ್ರಿಗೆ ಹೇಗೆ ಅಂತ ತಿಳಿಸಲು ಎರಡು ಕೈ ಜೋಡಿಸಿ ತೋರಿಸಿದೆ. ಅವನು ಬೀಡಿ ಬಿಸಾಕಿ ತಿರುಗಿ ನಮಸ್ಕಾರ ಮಾಡಿದ. ಆಮೇಲೆ ಕಡ್ಡಿಯಿಂದ ಮರಳಿನ ಮೇಲೆ ಬರೆದು ತೋರಿಸಿದೆ.

"ಸಾಹೇಬ್ರು ಚೌಕ ಅಂದವ್ರೆ, ಅಮ್ಮಾ."

"ಸಾಹೇಬ್ರು ಫ್ಯಾಕ್ಟರೀಲಿದ್ದಾರೆ. ನಾನು ಇಲ್ಲಿದ್ದೀನಿ."

ಅವನು ಮರಳಿನ ಮೇಲಿನ ಗೆರೆಯನ್ನು ಒಂದು ಸುತ್ತು ಹಾಕಿ ಬಂದ. "ಇದು ಮನೇನಾ, ಚರ್ಚಾ? ಈಗ್ಲೇ ಹೇಳ್ಬಿಡಿ ತಾಯಿ, ಗಂಟೆ ಕಟ್ಟೋಕೆ ಜಾಗ ಬಿಟ್ಕೊಂಡು ಹೋಗ್ತೀನಿ."

ಆದರೂ ಕಟ್ಟಿದ. ಹಲಗೆಯ ಅಚ್ಚು ನಿಲ್ಲಿಸಿ, ಎರಡು ಕಡೆಯಿಂದ ಇಟ್ಟಿಗೆ ಕೂಡಿಸಿಕೊಂಡು ಹೋಗಿ, ತುದಿಯಲ್ಲಿ ಒಂದನ್ನು ಗಟ್ಟಿಯಾಗಿ ಕೂರಿಸಿ, ಕೆಲವು ದಿನ ಬಿಟ್ಟು ಅಚ್ಚು ತೆಗೆದ. ಬೀಳಲಿಲ್ಲ. ಬೀಳುತ್ತದೆ ಅಂತ ನೋಡಲು ಬಂದಿದ್ದ ಅಕ್ಕಪಕ್ಕದ ಸೈಟಿನವರು ಬೇಜಾರಾಗಿ ವಾಪಸ್ ಹೋದರು. ಗಾಜನ್ನು ನಾನೇ ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಹುಡುಕಿ ತಂದೆ. ಯಾವುದೋ ಹಳೇ ಬಂಗಲೆ ಕೆಡವಿದಾಗ ಬಂದದ್ದಂತೆ. ಕೆಂಪು, ನೀಲಿ, ಸ್ವಲ್ಪ ಹಳದಿ.

ಯಜಮಾನರು ಪ್ಲಾನ್ ಬಿಚ್ಚಿ ಕಿಟಕಿಯ ಪಕ್ಕ ಹಿಡಿದು ನೋಡಿದರು. ಕೊನೆಗೆ, "ಪ್ಲಾನಲ್ಲಿ ಹಿಂಗಿರ್ಲಿಲ್ಲ" ಅಂದರು. "ಪ್ಲಾನು ತಪ್ಪಿತ್ತು" ಅಂದೆ. ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ನಮ್ಮತ್ತೆ ಬಂದರು.

ನಮ್ಮತ್ತೆ ಬಾಗಲೂರಿನಲ್ಲಿ ಚಿಕ್ಕ ಮಗನ ಮನೆಯಲ್ಲಿದ್ದರು. ಮಾವನೂ ಇದ್ದರು, ಆದರೆ ಅವರಿಗೆ ಮಾತಾಡುವ ಪಾಳಿ ಬರುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಒಂದು ಪದ್ಧತಿ: ಹೊಸ ಮನೆಯಲ್ಲಿ ಹಾಲುಕ್ಕಿಸುವವಳು ಹಿರಿಯ ಮುತ್ತೈದೆಯೇ ಆಗಬೇಕು. ಅವಳು ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕಿ ಚೆಲ್ಲದೆ ಗೃಹಪ್ರವೇಶ ಆದ ಹಾಗಲ್ಲ. ಆ ಹಿರಿಯ ಮುತ್ತೈದೆ ನಮ್ಮತ್ತೆ. ಅವರೊಂದು ದಿನ ಅವರೇಕಾಯಿ ಮೂಟೆ ಹೊರಿಸಿಕೊಂಡು ಬಸ್ಸಿಳಿದು, ನಮ್ಮ ಯಜಮಾನರ ಜೊತೆ ನೇರ ಸೈಟಿಗೇ ಬಂದರು. ಕಿಟಕಿಯ ಮುಂದೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು.

"ಇದೇನಮ್ಮಣ್ಣಿ ಇದು? ಮನೆ ಕಟ್ಟುಸ್ತೀವಿ ಅಂದ್ರಿ. ಕಿಲಸ್ತಾನ್ರ ಗುಡಿ ಕಟ್ಟುಸ್ತಾ ಇದೀರಾ?"

"ಕಿಟಕಿ ಅತ್ತೆ. ಬೆಳಕು ಬರೋಕೆ."

"ಬೆಳಕು ಚೌಕದಾಗೆ ಬರಾಕಿಲ್ವಾ?"

ನಾನು ಬಾಯಿ ತೆಗೆಯುವಷ್ಟರಲ್ಲಿ ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ಸೈಕಲ್ ನಿಲ್ಲಿಸಿದರು. ಬಿಳಿ ಶರಟು, ಕೈಯಲ್ಲಿ ಬೈಬಲ್. ಬಹಳ ಮರ್ಯಾದೆಯಿಂದ ಕೇಳಿದರು. "ಸಿಸ್ಟರ್, ಇಲ್ಲಿ ಪ್ರೇಯರ್ ಯಾವತ್ತಿಂದ ಶುರು?"

ಅತ್ತೆ ಮಗನ ಕಡೆ ತಿರುಗಿದರು. "ನೋಡ್ದೇನ್ಲಾ. ದಾರೀಲಿ ಓಗೋರ್ಗೂ ಗೊತ್ತಾಗೈತೆ. ಈ ಗುಡಿಯಾಗೆ ನಾನು ಆಲುಕ್ಸಾಕಿಲ್ಲ. ನಿನ್ ಎಂಡ್ರು ಬೇಕಾರೆ ಮೇಣದ ಬತ್ತಿ ಅಚ್ಲಿ."

ಯಜಮಾನರು ರಾತ್ರಿ ಊಟಕ್ಕೆ ಕೂತಾಗ ತೀರ್ಪು ಕೊಟ್ಟರು. "ಅಮ್ಮ ಬರ್ದೆ ನಾನು ಆ ಹೊಸಲು ದಾಟಲ್ಲ ಕಣೇ. ಸೋಮವಾರ ಮೇಸ್ತ್ರಿಗೆ ಹೇಳಿ ಆ ತೂತಿಗೆ ಇಟ್ಟಿಗೆ ತುಂಬಿಸ್ತೀನಿ."

"ತೂತು ಅಂತೀರಾ ಅದನ್ನ?"

"ಇನ್ನೇನಂತಾರೆ? ಸಾರು ಹಾಕು."

ಸಾರು ಹಾಕಿದೆ. ಉಪ್ಪಿಲ್ಲದ ಸಾರು. ಅವರು ಮಾತಾಡದೆ ತಿಂದರು, ಅಂದರೆ ತೀರ್ಪು ಬದಲಾಗುವುದಿಲ್ಲ ಅಂತ ಅರ್ಥ. ಅಳುವುದು ನನಗೆ ಬರುವುದಿಲ್ಲ, ಬಂದರೂ ಆ ಮನುಷ್ಯನಿಗೆ ನಾಟುತ್ತಿರಲಿಲ್ಲ. ಕಿಟಕಿ ಉಳಿಯಬೇಕಾದರೆ ಅತ್ತೆ ಒಪ್ಪಬೇಕು. ಅತ್ತೆ ಕೆಥೆಡ್ರಲನ್ನು ದೂರದಿಂದಲೂ ನೋಡಿದವರಲ್ಲ. ಒಳಗೆ ಕೂತು ನೋಡಿದರೆ ಮನಸ್ಸು ಬದಲಾಯಿಸಬಹುದು ಅಂತ ಒಂದು ಲೆಕ್ಕ. ಬದಲಾಯಿಸದಿದ್ದರೆ, ನೀವು ಅಲ್ಲಿಗೆ ಹೋಗಿದ್ದನ್ನು ಬಾಗಲೂರಿಗೆಲ್ಲ ಹೇಳುತ್ತೇನೆ ಅಂತ ಹೆದರಿಸಬಹುದು ಅಂತ ಇನ್ನೊಂದು.

ಶನಿವಾರ ಬೆಳಿಗ್ಗೆ ಅತ್ತೆ ಅವರೇಕಾಯಿ ಬಿಡಿಸುತ್ತ ಕೂತಿದ್ದಾಗ ಶುರು ಮಾಡಿದೆ.

"ಅತ್ತೆ, ಶಿವಾಜಿನಗರಕ್ಕೆ ಹೋಗಿ ಬಳೆ ತೊಟ್ಕೊಂಡು ಬರೋಣ ಬನ್ನಿ."

"ಯಾಕೆ, ಆ ಗುಡಿ ಪ್ರವೇಶಕ್ಕಾ? ನಾನು ಬರಾಕಿಲ್ಲ ಅಂದೀನಲ್ಲ."

"ಬರೋದು ಬಿಡೋದು ಆಮೇಲೆ. ಬಳೆ ತೊಡೋಕೇನು?"

"ಬಳೆಗೇನು, ತೊಡಬೋದು." ಹೇಳುತ್ತಲೇ ಎದ್ದು ಒಳ್ಳೆಯ ಸೀರೆ ಹುಡುಕತೊಡಗಿದ್ದರು.

ಬಳೆ ಅಂಗಡಿಯಲ್ಲಿ ಅತ್ತೆ ಅರ್ಧ ದಿನ ತೆಗೆದುಕೊಂಡರು. ಹಸಿರು ತೊಟ್ಟು, ತೆಗೆಸಿ, ಬೇರೆ ಹಸಿರು ತೊಟ್ಟು, ಮೊದಲಿನದೇ ಚೆನ್ನಾಗಿತ್ತು ಅಂದರು. ಬಳೆಗಾರ ಸಾಬರು ಬಹಳ ತಾಳ್ಮೆಯವರು. "ಅಮ್ಮಾ, ಬಳೆ ಕಮ್ಮಿ ಒಡೀರಿ, ನಮ್ದೂಕೆ ಹೊಟ್ಟೆ ಇದೆ" ಅಂದರು ಅಷ್ಟೇ. ಹೊರಗೆ ಬಂದಾಗ ಮಧ್ಯಾಹ್ನ ಇಳಿದಿದ್ದರೂ ಮೈ ಸುಡುವ ಬಿಸಿಲು. ಅತ್ತೆಯ ಕಾಲು ನೋವು ಶುರುವಾಯಿತು. ನಾನು ಅದಕ್ಕೇ ಕಾಯುತ್ತಿದ್ದೆ.

"ಇಲ್ಲೇ ಹತ್ರದಲ್ಲಿ ತಣ್ಣಗಿರೋ ಒಂದು ಜಾಗ ಇದೆ ಅತ್ತೆ. ಸ್ವಲ್ಪ ಕೂತ್ಕೊಂಡು ಹೋಗೋಣ."

ಕೆಥೆಡ್ರಲ್ ಹತ್ತಿರ ಬಂದಾಗ ಕೊಡೆ ಬಿಚ್ಚಿ ಅವರ ಹುಬ್ಬಿನ ಮಟ್ಟಕ್ಕೆ ಇಳಿಸಿ ಹಿಡಿದೆ, ಗೋಪುರದ ಶಿಲುಬೆ ಕಾಣಬಾರದು ಅಂತ. ಮುಂದಿನ ದೊಡ್ಡ ಬಾಗಿಲು ಬಿಟ್ಟು ಪಕ್ಕದ ಚಿಕ್ಕ ಬಾಗಿಲಿಗೆ ಕರೆದುಕೊಂಡು ಹೋದೆ. ಅತ್ತೆ ಚಪ್ಪಲಿ ಬಿಟ್ಟರು. ಬಾಗಿಲ ಒಳಗೆ ಗೋಡೆಗೆ ಸೇರಿಸಿದ ಕಲ್ಲಿನ ಬಟ್ಟಲಿತ್ತು, ಅದರಲ್ಲಿ ನೀರು. ಅಲ್ಲಿಯವರು ಅದರಲ್ಲಿ ಬೆರಳ ತುದಿ ಅದ್ದಿ ಹಣೆ, ಎದೆ, ಭುಜ ಮುಟ್ಟಿಕೊಳ್ಳುತ್ತಾರೆ. ನನಗೆ ಗೊತ್ತಿತ್ತು. ಅತ್ತೆಗೆ ಹೇಳುವ ಮೊದಲೇ ಅವರು ಬಲಗೈ ಬೋಗುಣಿ ಮಾಡಿ, ಒಂದು ಗುಟುಕು ಮೊಗೆದು, ಮೂರು ಸಲ ಚಪ್ಪರಿಸಿ ಕುಡಿದು, ಉಳಿದದ್ದನ್ನು ನೆತ್ತಿಗೆ ಸವರಿಕೊಂಡರು. ಹಿಂದೆ ಬೆರಳು ಚಾಚಿಕೊಂಡು ನಿಂತಿದ್ದ ಮುದುಕರೊಬ್ಬರು ಬಟ್ಟಲನ್ನು ನೋಡಿದರು, ಅತ್ತೆಯನ್ನು ನೋಡಿದರು, ಬೆರಳು ಅದ್ದದೇ ಹಣೆ ಮುಟ್ಟಿಕೊಂಡು ಒಳಗೆ ಹೋದರು.

"ತೀರ್ಥಕ್ಕೆ ತುಳಸಿ ಆಕಿಲ್ಲ," ಅಂದರು ಅತ್ತೆ.

ಹೆದರಿಸುವುದಕ್ಕೆ ನನ್ನ ಹತ್ತಿರ ಬರೀ ಅವರು ಅಲ್ಲಿಗೆ ಹೋಗಿದ್ದು ಇತ್ತು, ಈಗ ಕುಡಿದದ್ದೂ ಸಿಕ್ಕಿತು.

ಒಳಗೆ ಹಿಂದಿನ ಬೆಂಚಿನಲ್ಲಿ ಕೂತೆವು. ಹೊತ್ತು ಇಳಿಯುತ್ತಿತ್ತು. ಒಂದು ಗೂಡಿನಲ್ಲಿ ಅಮ್ಮನ ವಿಗ್ರಹಕ್ಕೆ ಸೀರೆ ಉಡಿಸಿ ಹೂ ಮುಡಿಸಿದ್ದರು. ಅತ್ತೆ ಕೂತಲ್ಲಿಂದಲೇ ಸೀರೆಯ ಅಂಚು ನೋಡಿ, "ಒಳ್ಳೆ ಜರಿ" ಅಂದರು. ಆಮೇಲೆ ತಲೆ ಎತ್ತಿದರು. ಎತ್ತಿದ ತಲೆ ಬೇಗ ಇಳಿಯಲಿಲ್ಲ.

"ಇಷ್ಟೆತ್ರ ಯಾಕ್ ಕಟ್ಟವ್ರೆ?"

"ನೋಡೋಕೆ ಚೆನ್ನಾಗಿರುತ್ತೆ ಅಂತ."

"ಜೇಡದ ಬಲೆ ಯಾರ್ ತೆಗೀತಾರೆ?"

"ಅದು ನಮಗ್ಯಾಕೆ ಅತ್ತೆ?"

"ನಮ್ಗೇ ಬತ್ತದಲ್ಲ ಕೊನೀಗೆ. ಗಂಡಸ್ರು ಕಟ್ತಾರೆ, ಎಂಗಸ್ರು ಗುಡಿಸ್ಬೇಕು." ಮತ್ತೆ ಮೇಲೆ ನೋಡಿದರು. "ಆದ್ರೂ ಕಟ್ಟವ್ರೆ ಬಿಡು. ಕೋಣದ ಪಕ್ಕೆಲುಬು ಇದ್ದಂಗೈತೆ. ಒಂದ್ರ ಮೇಲೊಂದು ಒರಗ್ಕೊಂಡು, ಯಾವ್ದೂ ಬೀಳಾಕಿಲ್ಲ."

ನಾನು ಎಷ್ಟೋ ವರ್ಷದಿಂದ ನೋಡುತ್ತಿದ್ದರೂ ನನಗೆ ಕೋಣ ಹೊಳೆದಿರಲಿಲ್ಲ. ಸರಿಯಾಗಿಯೇ ಇತ್ತು. ನಾವು ಯಾವುದೋ ದೊಡ್ಡ ಪ್ರಾಣಿಯ ಹೊಟ್ಟೆಯಲ್ಲಿ ಕೂತಿದ್ದೆವು, ಅದು ಉಸಿರು ಬಿಟ್ಟರೆ ತಣ್ಣಗೆ ತಾಗುತ್ತಿತ್ತು.

ಅಷ್ಟರಲ್ಲಿ ಬಿಸಿಲು ಪಡುವಣದ ಕಿಟಕಿಗೆ ಬಂತು. ನೆಲದ ಮೇಲೆ ಮೊದಲು ಒಂದು ಕೆಂಪು ಚೂರು ಬಿತ್ತು, ಆಮೇಲೆ ನೀಲಿ. ಬಣ್ಣ ನಿಧಾನಕ್ಕೆ ಬೆಂಚು ಹತ್ತಿ ಅತ್ತೆಯ ಮಡಿಲಿಗೆ ಬಂದು ಕೂತಿತು. ಹೊಸ ಹಸಿರು ಬಳೆಗಳು ಕಪ್ಪಗೆ ಕಂಡವು. ಅತ್ತೆ ಅಂಗೈಯನ್ನು ಬೆಳಕಿನಲ್ಲಿಟ್ಟು ಹಿಂದೆ ಮುಂದೆ ತಿರುಗಿಸಿ ನೋಡಿದರು, ಬಣ್ಣ ಅಂಟಿದೆಯೇನೋ ಅಂತ ಇನ್ನೊಂದು ಕೈಯಿಂದ ಉಜ್ಜಿದರು. ಕೆಂಪು ಸರಿದು ಪಕ್ಕಕ್ಕೆ ಹೋದಾಗ ಅದರ ಜೊತೆಗೆ ತಾವೂ ಬೆಂಚಿನ ಮೇಲೆ ಸರಿದರು. ಮತ್ತೆ ಸರಿಯಿತು, ಮತ್ತೆ ಸರಿದರು. ಹಾಗೇ ಸರಿಯುತ್ತ ಸರಿಯುತ್ತ ಬೆಂಚಿನ ತುದಿ ಮುಟ್ಟಿ, ಅಲ್ಲಿ ಕಂಬಕ್ಕೆ ಒರಗಿ ನಿದ್ದೆ ಹೋದರು. ಗೊರಕೆ ಆ ಎತ್ತರಕ್ಕೆ ಏರಿ, ಸುತ್ತಾಡಿ, ವಾಪಸ್ ಬರುತ್ತಿತ್ತು. ನಾನು ಎಬ್ಬಿಸಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಅತ್ತೆ ಎಲೆ ಅಡಿಕೆ ಸಂಚಿ ಬಿಚ್ಚಿದರು. ಇದೇ ಸಮಯ ಅಂತ ನಾನು ಗಂಟಲು ಸರಿ ಮಾಡಿಕೊಂಡೆ.

"ಅತ್ತೆ, ಬಾಗಿಲಲ್ಲಿ ತೀರ್ಥ ತಗೊಂಡ್ರಲ್ಲ, ಅದು ಯಾರ ಗುಡಿ ಗೊತ್ತಾ ನಿಮಗೆ?"

"ಕಿಲಸ್ತಾನ್ರುದು," ಅಂದರು, ಎಲೆಗೆ ಸುಣ್ಣ ಸವರುತ್ತ.

ಸುಣ್ಣದ ಡಬ್ಬಿ ಮುಚ್ಚಿ ಅವರೇ ಮುಂದುವರಿಸಿದರು.

"ಬಿಸ್ಲು ಬಲಗಡೀಕಿತ್ತು, ನೀನು ಕೊಡೆ ಇಡಿದಿದ್ದು ಎಡಗಡೀಕೆ. ಏನೋ ಮುಚ್ತಾವ್ಳೆ ಅಂತ ಬಗ್ಗಿ ನೋಡ್ದೆ. ಅಷ್ಟೆತ್ರ ಶಿಲುಬೆ ನಿಲ್ಸವ್ರೆ, ಕಾಣಾಕಿಲ್ವಾ? ನನ್ಗೆ ಮಂಡಿ ನೋವು, ಕಣ್ಣಲ್ಲ."

"ಗೊತ್ತಿದ್ದೂ ಕುಡಿದ್ರಾ?"

"ಬಾಯಾರಿತ್ತು. ಬಳೆ ಅಂಗಡೀಲಿ ಒಂದ್ ಲೋಟ ನೀರು ಕೊಡ್ಸಿದ್ಯಾ ನೀನು?"

ಕೈಯಲ್ಲಿದ್ದ ಒಂದೇ ಆಯುಧ, ಬಿಡಲು ಮನಸ್ಸಾಗಲಿಲ್ಲ. "ಬಾಗಲೂರಲ್ಲಿ ನಿಮ್ಮ ಓರಗಿತ್ತಿಯರಿಗೆ ಗೊತ್ತಾದ್ರೆ ಏನಂತಾರೋ."

"ಯೇಳು, ಬೇಡ ಅಂದವ್ರ್ಯಾರು? ನಾನೂ ಯೇಳ್ತೀನಿ, ಇರಿ ಸೊಸೆ ಬಳೆ ತೊಡುಸ್ತೀನಿ ಅಂತ ಕರ್ಕೊಂಡೋಗಿ ಕಿಲಸ್ತಾನ್ರ ನೀರು ಕುಡಿಸಿದ್ಲು ಅಂತ. ಯಾರ್ ಮಾತು ನಂಬ್ತಾರೆ ನೋಡಾನ." ಎಲೆ ಮಡಿಸಿ ಬಾಯಿಗಿಟ್ಟರು. ಸ್ವಲ್ಪ ಹೊತ್ತು ಅಗಿದು, ಕಿಟಕಿಯಿಂದ ಹೊರಗೆ ನೋಡುತ್ತ ಕೇಳಿದರು. "ನಿನ್ ಕಿಟಕಿ ಇರೋದು ಮೂಡಲಿಗಲ್ವಾ?"

"ಹೂಂ."

"ಬೆಳಿಗ್ಗೆ ಬಿಸ್ಲು ಬತ್ತದೆ."

"ಬರುತ್ತೆ."

"ಆಲುಕ್ಸ್ತೀನಿ. ಆ ರೂಮು ನಂಗೆ."

"ನೀವು ಬಾಗಲೂರಲ್ಲಿ ಇರೋರಲ್ವಾ ಅತ್ತೆ."

"ಅಲ್ಲೇನೈತೆ? ನಿನ್ ಓರಗಿತ್ತಿ ಬಾಯಿ, ಅದರ ಕೆಳ್ಗೆ ನಿಮ್ ಮಾವ. ಬಂದಿರ್ತೀನಿ. ನಿಮ್ ಮಾವನ್ನೂ ಕರ್ಕೊಂಡ್ ಬತ್ತೀನಿ, ನಡುಮನೆಯಾಗೆ ಬಿದ್ದಿರ್ತಾರೆ."

ಮೇಖ್ರಿ ಸರ್ಕಲ್ ಬರುವವರೆಗೂ ಯೋಚನೆ ಮಾಡಿದೆ. ಒಪ್ಪದಿದ್ದರೆ ಸೋಮವಾರ ಇಟ್ಟಿಗೆ. ಒಪ್ಪಿದರೆ ಕಿಟಕಿ ಉಳಿಯುತ್ತದೆ, ಅದರ ಹಿಂದೆ ಅತ್ತೆ ಇರುತ್ತಾರೆ. ಯಾರಿಗೂ ಬೀಳದ ಬೆಳಕಿಗಿಂತ ಅತ್ತೆಯ ಮೇಲೆ ಬೀಳುವ ಬೆಳಕು ವಾಸಿ ಅನ್ನಿಸಿತು. ಸರ್ಕಲ್ ದಾಟುವಾಗ ಬಸ್ಸು ತಿರುಗಿದ ಜೋರಿಗೆ ಅವರು ನನ್ನ ಮೇಲೆ ಬಿದ್ದರು. "ಆಯ್ತು ಅತ್ತೆ" ಅಂದೆ. ಅವರು ಅದಕ್ಕೇ ಬಿದ್ದವರ ಹಾಗೆ ಎದ್ದು ಕೂತರು.

ಮನೆಗೆ ಬಂದಾಗ ಯಜಮಾನರು ಬಾಗಿಲಲ್ಲೇ ಇದ್ದರು. ಅತ್ತೆ ಚಪ್ಪಲಿ ಬಿಡುತ್ತ ಹೇಳಿದರು. "ಲೋ, ಆ ಕಿಟಕಿ ಮುಟ್ಬೇಡ. ಚೆನ್ನಾಗೈತೆ." ಅವರು ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು. ನಾನು ಬಳೆಯ ಪೊಟ್ಟಣ ಬಿಚ್ಚುತ್ತಿದ್ದೆ.

ಗೃಹಪ್ರವೇಶದ ದಿನ ಹಾಲು ಚೆನ್ನಾಗಿ ಉಕ್ಕಿತು. ಮೂಗಿನ ಮೇಲೆ ಬೆರಳಿಟ್ಟು ಬಂದ ನೆಂಟರಿಗೆಲ್ಲ ಅತ್ತೆಯೇ ಕಿಟಕಿ ತೋರಿಸಿದರು. "ಎತ್ರಕ್ಕೆ ಕಟ್ಟಿದ್ರೆ ಬಿಸ್ಲು ಇಳ್ದು ಬತ್ತದೆ, ಬಣ್ಣದ ಗಾಜು ಇದ್ರೆ ಕಣ್ಣಿಗೆ ತಂಪು. ನಾನೇ ಯೇಳಿ ಆಕ್ಸಿದ್ದು. ನನ್ ಸೊಸೆ ಚೌಕ ಸಾಕು ಅಂತಿದ್ಲು." ಮೇಸ್ತ್ರಿ ಊಟದ ಎಲೆಯ ಮುಂದೆ ಕೂತಿದ್ದವನು ಕೆಮ್ಮಿ ಅನ್ನ ಗಂಟಲಿಗೆ ಸಿಕ್ಕಿಸಿಕೊಂಡ. ಅವನಿಗೆ ಎರಡನೇ ಹೋಳಿಗೆ ಹಾಕಿ ಬಾಯಿ ಮುಚ್ಚಿಸಿದೆ.

ಅತ್ತೆ ಟ್ರಂಕಿನ ಸಮೇತ ಬಂದರು. ಮಾವನವರೂ ಬಂದು ನಡುಮನೆಯಲ್ಲಿ ಬಿದ್ದುಕೊಂಡರು. ಮೂಡಲ ಬಿಸಿಲು ಬರುವ ಹೊತ್ತಿಗೆ ಅತ್ತೆ ಮಿಂದು, ಕೂದಲು ಹರಡಿಕೊಂಡು, ಕಿಟಕಿಯ ಮುಂದೆ ಚಾಪೆ ಹಾಕಿ ಕೂತಿರುತ್ತಿದ್ದರು. ಆ ಹೊತ್ತು ನಾನು ಅಡುಗೆಮನೆಯಲ್ಲಿ. ಅಲ್ಲಿನ ಕಿಟಕಿ ಪ್ಲಾನಿನ ಪ್ರಕಾರವೇ ಚೌಕ. ಕಸ ಗುಡಿಸುವ ನೆಪದಲ್ಲಿ ಆ ರೂಮಿಗೆ ಹೋದರೆ, "ಧೂಳೆಬ್ಬಿಸ್ಬೇಡ, ಬಣ್ಣ ಮಸುಕಾಗ್ತದೆ" ಅನ್ನುತ್ತಿದ್ದರು. ಧೂಳಿನಲ್ಲಿ ಬಣ್ಣ ಇನ್ನೂ ಚೆನ್ನಾಗಿ ಕಾಣುತ್ತದೆ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೀಗೆ ಒಂದಷ್ಟು ವರ್ಷ. ಎಂಬತ್ತರ ದಶಕದಲ್ಲಿ ಒಂದು ದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬರಲಿಲ್ಲ, ಕೆಲಸ ನಿಂತಿತು. ಬಿಡಿಸದ ಅವರೇಕಾಯಿ ಮೊರದ ಸಮೇತ ಹೋಗಿ ಆ ರೂಮಿನ ಬಾಗಿಲಲ್ಲಿ ನಿಂತೆ. ಅತ್ತೆ ಒಳಗೆ ಬಾ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಹೋಗಿ ಚಾಪೆಯ ತುದಿಯಲ್ಲಿ ಕೂತೆ. ಅತ್ತೆ ನನ್ನ ಮೊರವನ್ನೂ ನೆಲದ ಮೇಲಿನ ಬೆಳಕನ್ನೂ ಅಳೆದು ನೋಡಿ, ಮೊರವನ್ನು ಕಾಲಿನಿಂದ ಸ್ವಲ್ಪ ಆ ಕಡೆ ತಳ್ಳಿದರು.

"ಕೂತ್ಕೊ. ಆದ್ರೆ ನೀಲಿ ಕಡೆ ಕೂತ್ಕೊ. ಕೆಂಪು ನಂದು."

ನೀಲಿ ಕಡೆ ಸರಿದು ಕೂತು ಅವರೇಕಾಯಿ ಬಿಡಿಸಿದೆ.